ಹೊಲಿಗೆ ಮಷಿನ್ ಕಂಡ ಇಬ್ಬರು ಸ್ಟ್ರೈಕರ್‌ಗಳು

ನಾನು ಒಂದು ಹೊಲಿಗೆ ಮಷಿನ್. ಹುಟ್ಟಿದ್ದು ದೂರದ ಲೂಧಿಯಾನದಲ್ಲಿ, ಕೆಂಪಗೆ ಕಾದ ಕಬ್ಬಿಣದ ಎರಕದಿಂದ. ನನ್ನ ಒರಟು ಮೈಯನ್ನು ಉಜ್ಜಿ ನುಣುಪು ಮಾಡಿದರು, ಕಪ್ಪು ಬಣ್ಣ ಬಳಿದರು, ಬೆನ್ನ ಮೇಲೆ ಬಂಗಾರದ ಬಣ್ಣದ ಬಳ್ಳಿಯೊಂದನ್ನು ಅಂಟಿಸಿದರು. ಹುಲ್ಲು ತುಂಬಿದ ಕಟ್ಟಿಗೆ ಪೆಟ್ಟಿಗೆಯಲ್ಲಿ ಕೂತು ರೈಲು ಹತ್ತಿ ಹುಬ್ಬಳ್ಳಿಗೆ ಬಂದೆ.

ನನ್ನನ್ನು ಮೊದಲು ಕೊಂಡವರು ಗದಗಿನ ಪೋಸ್ಟ್ ಮಾಸ್ತರರ ಹೆಂಡತಿ ಕುಮುದಾಬಾಯಿ. ಅವರು ಎರಡು ದಿಂಬಿನ ಕವರು ಹೊಲಿದರು, ಮೂರನೆಯದಕ್ಕೆ ಬೆರಳಿಗೆ ಸೂಜಿ ಚುಚ್ಚಿಸಿಕೊಂಡರು. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ನನ್ನ ಮೇಲೆ ಒಂದು ಕಸೂತಿ ಬಟ್ಟೆ ಹೊದಿಸಿ, ಅದರ ಮೇಲೆ ಹೂದಾನಿ ಇಟ್ಟರು. ಮಾಸ್ತರರಿಗೆ ವರ್ಗವಾದಾಗ ಹೂದಾನಿ ಅವರ ಸಂಗಡ ಹೋಯಿತು. ನಾನು ಬೆಟಗೇರಿಯ ದರ್ಜಿ ಪಾಂಡುರಂಗ ಮಹೇಂದ್ರಕರನ ಪಾಲಾದೆ.

ನನ್ನ ನಿಜವಾದ ಬಾಳು ಶುರುವಾದದ್ದು ಅಲ್ಲಿಂದ. ಓಣಿಯ ತುಂಬ ಮಗ್ಗಗಳ ಸದ್ದು, ನಡುವೆ ಪಾಂಡುರಂಗನ ಪುಟ್ಟ ಅಂಗಡಿ. ಮನುಷ್ಯರ ಮುಖಕ್ಕಿಂತ ಕಾಲುಗಳೇ ನನಗೆ ಹೆಚ್ಚು ಪರಿಚಯ. ಅದರಲ್ಲೂ ಪಾಂಡುರಂಗನ ಪಾದಗಳು. ಅವನ ಮನಸ್ಸು ನೆಟ್ಟಗಿದ್ದರೆ ಪೆಡಲ್ ಒಂದೇ ಹದದಲ್ಲಿ ಆಡುತ್ತಿತ್ತು. ಫುಟ್ಬಾಲಿನ ಮಾತು ಬಂದರೆ ಮಾತ್ರ ನನ್ನ ಪಾಡು ದೇವರಿಗೇ ಪ್ರೀತಿ. ಗೋಲಿನ ಮಾತಾದರೆ ಪೆಡಲಿಗೆ ಒದೆ, ತಪ್ಪಿದ ಗೋಲಿನ ಮಾತಾದರೆ ಎರಡು ಒದೆ.

ಅವನ ಪ್ರಾಣವೆಲ್ಲ ಇದ್ದದ್ದು ಊರಿನ ಯಂಗ್ ವೀವರ್ಸ್ ಕ್ಲಬ್ಬಿನಲ್ಲಿ. ಆಟಗಾರರ ನೀಲಿ ಜರ್ಸಿಗಳಿಗೆ ನಂಬರು ಹೊಲಿಯುವವರು ನಾವೇ. ಒಂಬತ್ತನೇ ನಂಬರಿನವನು ಅವನ ತಂಗಿ ಇಂದಿರಾಬಾಯಿಯ ಮಗ ತುಕಾರಾಮ. ತುಕಾರಾಮ ಮೈಮುರಿದು ಓಡುವ ಹುಡುಗ, ಬೆವರಿಗೆ ಕಡಿಮೆಯಿಲ್ಲ. ಆದರೆ ಗೋಲಿನ ಮುಂದೆ ನಿಂತಾಗ ಅವನ ಕಾಲಿಗೆ ಏನಾಗುತ್ತಿತ್ತೋ, ಚೆಂಡು ಕಂಬದ ಮೇಲಿಂದ ಹಾರಿ ಆಚೆಯ ನೀರಿನ ಟಾಕಿಗೆ ಬಡಿಯುತ್ತಿತ್ತು. ಆ ವರ್ಷವಂತೂ ತಂಡ ಗೋಲು ಹೊಡೆಯುವುದನ್ನೇ ಮರೆತಂತಿತ್ತು. ಜನ ಗೊಣಗಿದರೆ ಪಾಂಡುರಂಗ ಕತ್ತರಿ ಎತ್ತಿಕೊಂಡು ಜಗಳಕ್ಕೆ ನಿಲ್ಲುತ್ತಿದ್ದ. ಅವರು ಹೋದ ಮೇಲೆ ಅವನ ಪಾದ ಪೆಡಲ್ ಮೇಲೆ ಸುಮ್ಮನೆ ಕೂತುಬಿಡುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಎದುರಿನ ಚಹಾದಂಗಡಿಯ ಬಾಶಾ ಗ್ಲಾಸು ಕೈಯಲ್ಲೇ ಹಿಡಿದುಕೊಂಡು ಓಡಿ ಬಂದ.

“ಪಾಂಡಣ್ಣಾ, ಸುದ್ದಿ ಗೊತ್ತಾತೇನು? ನಮ್ಮ ಕ್ಲಬ್ಬಿಗೆ ಇಬ್ರು ಹೊಸಾ ಸ್ಟ್ರೈಕರ್ ಬರಾಕತ್ತಾರ! ಒಬ್ಬಾವ ಮಲಪ್ಪುರಂದಾವ, ಇನ್ನೊಬ್ಬಾವ ಕಾರವಾರದಾವ!”

ಪೆಡಲಿಗೆ ಬಿದ್ದ ಒದೆಗೆ ನನ್ನ ಸೂಜಿ ಟಣ್ಣೆಂದು ಮುರಿಯಿತು. ಹೊಲಿಯುತ್ತಿದ್ದ ಪ್ಯಾಂಟಿನ ಒಂದು ಕಾಲು ಪೂರಾ ಮುಚ್ಚಿ ಚೀಲವಾಗಿತ್ತು. ಪಾಂಡುರಂಗನಿಗೆ ಅದರ ಪರಿವೆಯೇ ಇರಲಿಲ್ಲ.

ಅವತ್ತಿನಿಂದ ಅಂಗಡಿ ಅಂಗಡಿಯಾಗಿ ಉಳಿಯಲಿಲ್ಲ. ಮಲಪ್ಪುರಂನ ಶಿಹಾಬ್ ಎಂಬ ಹುಡುಗನ ಆಟ ಬಾಶಾನ ಮೊಬೈಲಿನಲ್ಲಿ ಸಿಕ್ಕಿತು. ಬ್ಲೌಜ್ ಅಳತೆಗೆ ಬಂದ ಹೆಣ್ಣುಮಕ್ಕಳೂ ಅದನ್ನು ನೋಡಿಯೇ ಹೋಗಬೇಕು.

“ನೋಡ್ರಿ ಅಕ್ಕಾರ, ಚೆಂಡು ಇವನ ಕಾಲಿಗೆ ಹೆಂಗ ಅಂಟಿಕೊಂಡೈತಿ! ಗೋಂದು ಹಚ್ಚಿದಂಗ!”

“ಚಲೋ ಐತ್ರಿ. ನನ್ನ ಬ್ಲೌಜ್ ಯಾವಾಗ ಕೊಡ್ತೀರಿ?”

“ಈ ಹುಡುಗ ಬರ್ಲಿ, ಎಲ್ಲಾ ಕೊಡ್ತೀನ್ರಿ!”

ಕೊನೆಗೂ ಇಬ್ಬರೂ ಜರ್ಸಿಯ ಅಳತೆಗೆ ಅಂಗಡಿಗೆ ಬಂದರು. ನಾನು ಕೆಳಗಿನಿಂದ ನೋಡಿದೆ. ಶಿಹಾಬನದು ನೀಳವಾದ, ಗಟ್ಟಿ ಮೀನಖಂಡದ ಕಾಲು. ಹೆಬ್ಬೆರಳಿನ ಉಗುರು ಕಪ್ಪಗಾಗಿತ್ತು. ಕನ್ನಡ ಬಾರದ ಹುಡುಗ ಬರೀ ನಗುತ್ತಿದ್ದ. ಪಾಂಡುರಂಗ ಅವನ ಭುಜಕ್ಕೆ ಟೇಪು ಹಿಡಿದಾಗ ದೇವರ ಮೂರ್ತಿಗೆ ಶಾಲು ಹೊದಿಸುವವನ ಹಾಗೆ ಕಾಣುತ್ತಿದ್ದ. ಕಾರವಾರದ ಆಗ್ನೆಲ್ ಬೇರೆಯೇ ತರದವನು. ಕುಳ್ಳ, ವಯಸ್ಸು ಮೂವತ್ತು ದಾಟಿದೆ, ಸಣ್ಣ ಹೊಟ್ಟೆ, ಬಲ ಮೊಣಕಾಲಿಗೆ ಬಿಗಿದ ಪಟ್ಟಿ. ಕುರ್ಚಿಯಿಂದ ಏಳುವಾಗ “ಅಯ್ಯೋ ದೇವ್ರೇ” ಎಂದ.

ಅವರು ಹೋದದ್ದೇ ತಡ, ಪಾಂಡುರಂಗ ಬಾಶಾನ ಕಡೆ ತಿರುಗಿದ.

“ಆ ಶಿಹಾಬ್ ಹುಲಿ ಅದಾನ, ಹುಲಿ! ಆದ್ರ ಈ ಆಗ್ನೆಲ್‌ನ ಯಾಕ ಕರಕೊಂಡು ಬಂದ್ರೋ? ಮೊಣಕಾಲ ನೋವು ಇದ್ದಾವ ಬೇಕಾಗಿದ್ರ ನನ್ನ ಕೇಳಬೇಕಿತ್ತು, ನಾ ಹೋಗ್ತಿದ್ದೆ.”

ಒಂಬತ್ತನೇ ನಂಬರು ಶಿಹಾಬನಿಗೆ ಎಂದು ಕ್ಲಬ್ಬಿನವರು ಹೇಳಿ ಕಳಿಸಿದರು. ಪಾಂಡುರಂಗ ಹುರುಪಿನಿಂದಲೇ ಬಿಳಿ ಬಟ್ಟೆ ಕತ್ತರಿಸಿ ನನ್ನ ಕೆಳಗಿಟ್ಟ. ನನ್ನ ಸೂಜಿ ಅಂಕಿಯ ಸುತ್ತ ಅರ್ಧ ತಿರುಗಿರಬೇಕು, ಬಾಗಿಲಲ್ಲಿ ಇಂದಿರಾಬಾಯಿಯ ಚಪ್ಪಲಿ ಕಾಣಿಸಿತು.

“ಅಣ್ಣಾ, ಅದು ನನ್ನ ಮಗನ ನಂಬರ್ ಅಲ್ಲೇನು?”

“ಇಂದಿರಾ, ಇದು ಕ್ಲಬ್ಬಿನವರು ಮಾಡಿದ್ದು...”

“ಕ್ಲಬ್ಬಿನವರು ಮಾಡ್ಲಿ. ಹೊಲಿಯೋ ಕೈ ನಿಂದ ಅಲ್ಲೇನು? ನಾಕ ದಿನಾ ಆತು, ಅಂವ ಸರಿಯಾಗಿ ಉಂಡಿಲ್ಲ. ನೀ ಇಲ್ಲಿ ಕುಣ್ಯಾಕತ್ತಿ.”

ಅವಳು ಒಳಗೆ ಬಾರದೆಯೇ ಹೋದಳು. ಪಾಂಡುರಂಗ ಉಳಿದರ್ಧ ಅಂಕಿಯನ್ನು ಬಹಳ ನಿಧಾನವಾಗಿ ಹೊಲಿದ.

ಮರುದಿನ ತುಕಾರಾಮನೇ ಬಂದ. ಕೈಯಲ್ಲೊಂದು ಹಳದಿ ಜರ್ಸಿ. ಹೊಸ್ತಿಲನ್ನು ಕಾಲಿನಿಂದ ಕೆರೆಯುತ್ತ ನಿಂತ.

“ಮಾಮಾ, ಹುಬ್ಬಳ್ಳಿ ಡೈಮಂಡ್‌ನವರು ಕರದಾರ. ಹೊಂಟೀನಿ. ಅವರ ದರ್ಜಿ ಹೊಲಿದ ನಂಬರ್ ಸೊಟ್ಟ ಐತಿ. ನೀನ ಹೊಲದು ಕೊಡು.”

ಡೈಮಂಡ್ ಎಂದರೆ ವೀವರ್ಸಿನ ಹಳೇ ವೈರಿ. ಆ ಹಳದಿ ಬಣ್ಣವನ್ನು ಪಾಂಡುರಂಗ ಅಂಗಡಿಯೊಳಗೆ ಬಿಟ್ಟುಕೊಂಡವನೇ ಅಲ್ಲ. ಅವನು ಜರ್ಸಿ ತೆಗೆದುಕೊಂಡ, ಸೊಟ್ಟ ಅಂಕಿಯನ್ನು ಬಿಚ್ಚಿದ, ನೆಟ್ಟಗೆ ಕೂಡಿಸಿದ. ಒಂದು ಹೊಲಿಗೆ ಸಾಕಿತ್ತು, ಅವನು ಎರಡು ಹಾಕಿದ.

“ಆಡು. ಚಲೋ ಆಡು,” ಎಂದ. ಆಮೇಲೆ ತಡೆಯಲಾಗದೆ ಸೇರಿಸಿದ: “ನಮ್ಮ ವಿರುದ್ಧ ಅಷ್ಟ ಚಲೋ ಆಡಬ್ಯಾಡ.”

ಆದರೆ ಆ ಸಲದ ಟೂರ್ನಮೆಂಟಿನ ಫೈನಲ್ಲಿಗೆ ಬಂದವರು ಅವರೇ: ವೀವರ್ಸ್ ಮತ್ತು ಡೈಮಂಡ್. ಬಾವುಟ ಹೊಲಿದುಕೊಡಲೆಂದು ಪಾಂಡುರಂಗ ನನ್ನನ್ನು ತಳ್ಳುಗಾಡಿಯ ಮೇಲೇರಿಸಿ ಮೈದಾನಕ್ಕೇ ತಂದ. ಗೆರೆಯ ಪಕ್ಕದಲ್ಲಿ ಬೇವಿನ ಮರದ ಕೆಳಗೆ ನನ್ನ ಜಾಗ. ಜನ್ಮದಲ್ಲೇ ಅಷ್ಟು ಜನರನ್ನು ನಾನು ಕಂಡಿರಲಿಲ್ಲ. ಬೆಟಗೇರಿಯ ಮಗ್ಗಗಳೆಲ್ಲ ಅವತ್ತು ಸುಮ್ಮನಿದ್ದವು. ಮರದ ಟೊಂಗೆಗಳ ಮೇಲೆ, ಕಂಪೌಂಡಿನ ಮೇಲೆ, ನೀರಿನ ಟಾಕಿಯ ಮೆಟ್ಟಿಲ ಮೇಲೆ ಎಲ್ಲೆಲ್ಲೂ ನೀಲಿ. ಇಂದಿರಾಬಾಯಿ ಅಣ್ಣನಿಂದ ನಾಲ್ಕು ಮಾರು ದೂರ, ಮುಖ ತಿರುಗಿಸಿ ಕೂತಿದ್ದಳು.

ಮೊದಲರ್ಧದಲ್ಲಿ ಶಿಹಾಬನ ಬೆನ್ನಿಗೆ ಇಬ್ಬರು ಹಳದಿಯವರು ಅಂಟಿಕೊಂಡೇ ಇದ್ದರು. ಅಷ್ಟರಲ್ಲಿ ನಮ್ಮ ಗೋಲಿನ ಮುಂದೆ ಗದ್ದಲವೆದ್ದಿತು. ಚೆಂಡು ತುಕಾರಾಮನ ಕಾಲಿಗೆ ಬಂತು. ಜನ ಅಭ್ಯಾಸಬಲದಿಂದ ನೀರಿನ ಟಾಕಿಯ ಕಡೆ ನೋಡಿದರು. ಚೆಂಡು ಬಲೆಯಲ್ಲಿತ್ತು.

ಇಡೀ ಮೈದಾನ ಗಪ್ಪಾಯಿತು. ಆ ಮೌನದಲ್ಲಿ ಒಂದೇ ಒಂದು ಗಂಟಲು ಕೂಗಿತು: “ಹೊಡದಾ! ನಮ್ಮ ತುಕ್ಯಾ ಹೊಡದಾ!”

ಪಾಂಡುರಂಗ ನೀಲಿ ಬಾವುಟ ಹಿಡಿದು ಕುಣಿಯುತ್ತಿದ್ದ. ಸಾವಿರ ತಲೆಗಳು ಅವನತ್ತ ತಿರುಗಿದವು. “ಏ ಪಾಂಡ್ಯಾ, ನೀ ಯಾರ ಕಡೆಯಾವಲೇ?” ಎಂದು ಯಾರೋ ಚೀರಿದರು. ಅವನು ದಡಕ್ಕನೆ ನನ್ನೆದುರು ಕೂತು, ಬಟ್ಟೆಯೇ ಇಲ್ಲದೆ ಪೆಡಲ್ ತುಳಿಯತೊಡಗಿದ. ಇಂದಿರಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಲೂ ನಗುತ್ತಲೂ ಇದ್ದಳು. ಆಮೇಲೆ ಎದ್ದು ಬಂದು ಅಣ್ಣನ ಪಕ್ಕದಲ್ಲೇ ಕೂತಳು.

ಎರಡನೇ ಅರ್ಧದಲ್ಲಿ ಆಗ್ನೆಲ್ ಇಳಿದ. “ಆತು, ಮುಗೀತು,” ಎಂದು ಪಾಂಡುರಂಗ ಹಣೆ ಚಚ್ಚಿಕೊಂಡ. ಆದರೆ ಆ ಕುಳ್ಳ ಮನುಷ್ಯ ಓಡಲೇ ಇಲ್ಲ. ಗೋಲಿಗೆ ಬೆನ್ನು ಕೊಟ್ಟು ನಿಂತು, ಬಂದ ಚೆಂಡನ್ನು ಕಾಲಲ್ಲಿ ತಡೆದು, ನೋಡದೆಯೇ ಬದಿಗೆ ಸರಿಸಿದ. ಶಿಹಾಬ್ ಬಾಣದಂತೆ ನುಗ್ಗಿದ. ಗೋಲು! ಒಂದಕ್ಕೆ ಒಂದು. ಬೇವಿನ ಎಲೆಗಳು ನನ್ನ ಮೇಲೆ ಉದುರುವಷ್ಟು ಕೂಗು. ಪಾಂಡುರಂಗ ಬಾಶಾನನ್ನು ಎತ್ತಿ ಒಂದು ಸುತ್ತು ತಿರುಗಿಸಿದ.

ಆಟ ಮುಗಿಯಲು ಸ್ವಲ್ಪವೇ ಹೊತ್ತಿದ್ದಾಗ ಎಳೆದಾಟದಲ್ಲಿ ಶಿಹಾಬನ ಜರ್ಸಿ ಭುಜದಿಂದ ಸೊಂಟದವರೆಗೆ ಹರಿಯಿತು. ಸರಿಮಾಡಿಕೊಂಡು ಬಾ ಎಂದು ರೆಫರಿ ಹೊರಗೆ ಕಳಿಸಿದ. ಬೇರೆ ಜರ್ಸಿ ಇರಲಿಲ್ಲ. ಹುಡುಗ ನೇರ ನಮ್ಮ ಕಡೆಗೇ ಓಡಿ ಬಂದ.

“ಚೇಟ್ಟಾ, ವೇಗಂ!” ಎಂದ. ಆ ಮಾತಿಗೆ ಕನ್ನಡ ಬೇಕಿರಲಿಲ್ಲ.

ಪಾಂಡುರಂಗ ಅವನ ಜರ್ಸಿ ಬಿಚ್ಚಿಸಿ ನನ್ನ ಕೆಳಗಿಟ್ಟ, ಪಾದ ಒಂದೇ ಹದದಲ್ಲಿ ಆಡಿತು. ಬೆವರಿನಿಂದ ತೊಯ್ದ ಬಟ್ಟೆ ನನ್ನ ಹಲ್ಲಿಗೆ ಸಿಗದೆ ಜಾರುತ್ತಿತ್ತು. ನಾನು ಬಿಡಲಿಲ್ಲ. ಅವನು ತಲೆ ತಗ್ಗಿಸಿ, ಭುಜದಿಂದ ಕೆಳಗೆ ಹೊಲಿಯುತ್ತ ಬಂದ. ಕೊನೆಯ ಗೇಣು ಉಳಿದಿತ್ತು. ಆಗ ಭೂಮಿ ಬಿರಿದಂಥ ಸದ್ದಾಯಿತು.

ಅವನು ತಲೆ ಎತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚೆಂಡು ಬಲೆಯೊಳಗೆ ಉರುಳುತ್ತಿತ್ತು. ಆಗ್ನೆಲ್ ನೆಲದ ಮೇಲೆ ಅಂಗಾತ ಮಲಗಿದ್ದ, ಅವನ ಮೇಲೆ ಇಡೀ ತಂಡ ಬಿದ್ದಿತ್ತು. ಬರಿಮೈಯ ಶಿಹಾಬ್ ಜರ್ಸಿಯ ನೆನಪೇ ಇಲ್ಲದೆ ಅತ್ತ ಓಡಿದ.

“ಯಾರು ಹೊಡದ್ರು? ಹೆಂಗ ಹೊಡದ್ರು? ಯಾರರ ಹೇಳ್ರೋ!” ಪಾಂಡುರಂಗ ಒದ್ದಾಡುತ್ತಿದ್ದ. ಹೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಕಪ್ ನಮ್ಮದಾಯಿತು. ಜನ ಕರಗುವ ಹೊತ್ತಿಗೆ ಆಗ್ನೆಲ್ ಕುಂಟುತ್ತ ಮರದ ಕೆಳಗೆ ಬಂದ. ಹಿಂದೆಯೇ ಹಳದಿ ಜರ್ಸಿಯ ತುಕಾರಾಮ. ಸೋತರೂ ಅವನ ನಡಿಗೆಯಲ್ಲಿ ಹೊಸ ಬಿಗುವಿತ್ತು. ಇಂದಿರಾಬಾಯಿ ಮಗನ ಬೆನ್ನು ಸವರಿದಳು.

“ಹೇಗಿತ್ತು ಮಾರಾಯಾ ನನ್ನ ಗೋಲು?” ಆಗ್ನೆಲ್ ಕೇಳಿದ.

ಪಾಂಡುರಂಗ ತಲೆ ತಗ್ಗಿಸಿದ. “ನೋಡ್ಲಿಲ್ಲೋ ಪುಣ್ಯಾತ್ಮಾ. ಹೊಲ್ಯಾಕತ್ತಿದ್ದೆ. ಅದೂ ನಿನ್ನ ಗೋಲು. ನಿನಗ ನಾ ಏನೇನು ಅಂದಿದ್ದೆ ಗೊತ್ತೇನು!”

ಆಗ್ನೆಲ್ ಗಹಗಹಿಸಿ ನಕ್ಕ. “ನೋಡಲಿಲ್ವಾ? ಹಾಗಾದ್ರೆ ಈಗ ನೋಡು. ತುಕಾರಾಮ, ಬಾ, ನೀನು ಗೋಲ್ ಕೀಪರ್ ಆಗು.”

ಎರಡು ಚಪ್ಪಲಿಗಳು ಗೋಲು ಕಂಬಗಳಾದವು. ಬಾಶಾ ಚೆಂಡು ಎಸೆದ. ಆಗ್ನೆಲ್ ಅದನ್ನು ಎದೆಯಲ್ಲಿ ತಡೆದು, ನೋವಿನ ಮೊಣಕಾಲಿನ ಮೇಲೆಯೇ ಗರ್ರನೆ ತಿರುಗಿ, ಎಡಗಾಲಿನಿಂದ ಮೂಲೆಗೆ ತಳ್ಳಿದ. ತುಕಾರಾಮ ಮಣ್ಣಿಗೆ ಬಿದ್ದ. “ಹೀಂಗ ಹೊಡದಾ ಮಾಮಾ, ಖರೇನ ಹೀಂಗ!” ಎಂದು ಬಿದ್ದಲ್ಲಿಂದಲೇ ಸಾಕ್ಷಿ ಹೇಳಿದ. ಪಾಂಡುರಂಗ ಇನ್ನೊಮ್ಮೆ ಎಂದ, ಮತ್ತೂ ಒಮ್ಮೆ ಎಂದ. ಪ್ರತಿ ಸಲವೂ ಹೊಸದಾಗಿ ಗೆದ್ದವನ ಹಾಗೆ ಕೂಗಿದ.

ಅದಾಗಿ ಬಹಳ ಮಳೆಗಾಲಗಳು ಕಳೆದವು. ಶಿಹಾಬ್ ದೊಡ್ಡ ಕ್ಲಬ್ಬಿಗೆ ಹೋದ. ಆಗ್ನೆಲ್ ಊರಿಗೆ ಮರಳಿ ಮೀನಿನ ದೋಣಿ ಕೊಂಡ. ತುಕಾರಾಮ ಹುಬ್ಬಳ್ಳಿಯಲ್ಲೇ ಮನೆ ಮಾಡಿದ, ಆಟ ಬಿಡುವವರೆಗೂ ಹಳದಿಯನ್ನೇ ತೊಟ್ಟ. ಅಂಗಡಿಗೆ ಕರೆಂಟಿನ ಮಷಿನ್ ಬಂತು. ನನ್ನ ಬೆಲ್ಟು ಸವೆಯಿತು, ಬೆನ್ನ ಬಳ್ಳಿ ಅಳಿಸಿತು. ಈಗ ನಾನು ಕ್ಲಬ್ಬಿನ ಕೋಣೆಯ ಒಂದು ಮೂಲೆಯಲ್ಲಿದ್ದೇನೆ. ಮುದುಕನಾದ ಪಾಂಡುರಂಗ ದಿನವೂ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಾನೆ.

ಎಷ್ಟೋ ಸ್ಟ್ರೈಕರ್‌ಗಳ ಕಾಲು ನೋಡಿದ್ದೇನೆ. ಯಾವ ಕಾಲಿನಲ್ಲಿ ಗೋಲಿದೆ ಎಂದು ಇವತ್ತಿಗೂ ಹೇಳಲಾರೆ. ಪಾಂಡುರಂಗನಿಗೂ ಅದು ತಿಳಿಯಲಿಲ್ಲ. ಆದರೆ ಯಾರೋ ಹೊಸಬ ಬರುತ್ತಾನೆ ಎಂದ ಕೂಡಲೇ ಹೋದ ವರ್ಷದ ಸೋಲನ್ನೆಲ್ಲ ಒಂದು ಚಹಾದೊಳಗೆ ಮರೆಯುವ ಜನರ ನಡುವೆ ನನ್ನ ಕಬ್ಬಿಣ ಸವೆಯಿತು. ಇದಕ್ಕಿಂತ ಒಳ್ಳೆಯ ಸವೆತ ನನಗೆ ಗೊತ್ತಿಲ್ಲ.

ಈ ಸಲ ಮಿಜೋರಾಮಿನಿಂದ ಒಬ್ಬ ಹುಡುಗ ಬರುತ್ತಿದ್ದಾನಂತೆ. ಅವನಂಥ ಆಟಗಾರ ಈ ಮೈದಾನಕ್ಕೆ ಕಾಲಿಟ್ಟೇ ಇಲ್ಲವೆಂದು ಪಾಂಡುರಂಗ ಬೆಳಗಿನಿಂದ ಓಣಿಯಲ್ಲೆಲ್ಲ ಸಾರಿಕೊಂಡು ಬಂದಿದ್ದಾನೆ.

ಹುಡುಗ ಇನ್ನೂ ರೈಲಿನಲ್ಲಿದ್ದಾನೆ.