ಅಡುಗೆಮನೆ, ಹದಿನಾಲ್ಕನೇ ಪೆಟ್ಟಿಗೆ

ಗಂಟೆ ಎಂಟೂವರೆ. ಪರೀಕ್ಷೆ ಹತ್ತಕ್ಕೆ. ಲೊರೆಟ್ಟಾಳ ಡ್ರೈವಿಂಗ್ ಲೈಸೆನ್ಸ್ ಮನೆಯಲ್ಲೇ ಇತ್ತು; ಆದರೆ ಮನೆಯೇ ಪೆಟ್ಟಿಗೆಗಳೊಳಗಿತ್ತು. ಗುರುತಿನ ದಾಖಲೆಯಾಗಿ ಲೈಸೆನ್ಸ್ ತೋರಿಸದೆ ಕಾಲೇಜು ಪರೀಕ್ಷೆಗೆ ಕೂರಿಸುವುದಿಲ್ಲ.

ಸೇನೆ ಕಳಿಸಿದ ಪ್ಯಾಕಿಂಗಿನವರು ನಿನ್ನೆಯಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಕಟ್ಟುತ್ತಿದ್ದರು. ಟೆಕ್ಸಸ್ ಬಿಡುವಾಗ ಬಂದವರು ಕಸದ ಬುಟ್ಟಿಯನ್ನು ಕಸದ ಸಮೇತ ಕಟ್ಟಿ ಈ ಕ್ಯಾನ್ಸಸ್ಸಿಗೆ ತಲುಪಿಸಿದ್ದರು. ನಾಳೆ ಜಾರ್ಜಿಯಾಕ್ಕೆ ಪಯಣ. ‘ಕಟ್ಟಬೇಡಿ’ ಎಂದು ಚೀಟಿ ಅಂಟಿಸಿದ ಬಚ್ಚಲಲ್ಲಿ ಅವಳ ಕೈಚೀಲವೇನೋ ಇತ್ತು. ಲೈಸೆನ್ಸನ್ನು ಮಾತ್ರ ಓದುವ ಪುಸ್ತಕದಲ್ಲಿ ಪುಟದ ಗುರುತಿಗೆಂದು ಇಟ್ಟಿದ್ದಳು. ಪುಸ್ತಕ ಕಾಣೆ.

“ಜಾರ್ಜಿಯಾದಲ್ಲೇ ಬರೀಬೋದಲ್ವಾ?” ಎಂದ ಸೇನೆಯಲ್ಲಿರುವ ಗಂಡ ಕರ್ಟಿಸ್.

“ಇವತ್ತು ಇಪ್ಪತ್ತೊಂಬತ್ತು. ಈ ತಿಂಗ್ಳು ಮುಗಿದ್ರೆ ಕಾಲೇಜಲ್ಲಿ ಹೊಸ ನಿಯಮ, ಇನ್ನೂ ನಾಲ್ಕು ಸಬ್ಜೆಕ್ಟು ಬರೀಬೇಕಾಗತ್ತೆ. ಎಷ್ಟ್ ಸಲ ಹೇಳ್ಬೇಕು ನಿಂಗೆ?”

ಹನ್ನೊಂದು ವರ್ಷದಲ್ಲಿ ನಾಲ್ಕು ಊರು, ನಾಲ್ಕು ಕಾಲೇಜು. ಪ್ರತಿ ವರ್ಗಾವಣೆಗೂ ಓದು ಅರ್ಧಕ್ಕೇ ನಿಲ್ಲುತ್ತಿತ್ತು. ಕೊನೆಗೆ ಅವಳು ಈ ದಾರಿ ಹಿಡಿದಿದ್ದಳು: ತರಗತಿಗೆ ಹೋಗಬೇಕಿಲ್ಲ, ತಾನೇ ಓದಿಕೊಂಡು ಒಂದೇ ಪರೀಕ್ಷೆ ಬರೆದರೆ ಆ ವಿಷಯದ ಕ್ರೆಡಿಟ್ ಕೈಗೆ. ಈಗ ಉಳಿದದ್ದು ದೇಶದ ಇತಿಹಾಸವೊಂದೇ. ಅದಾದರೆ ಪದವಿ.

ಕರ್ಟಿಸ್ ಚಾಕು ತಂದು ‘ಓದುವ ಕೋಣೆ’ ಎಂದು ಬರೆದ ಪೆಟ್ಟಿಗೆಗಳನ್ನು ಸೀಳತೊಡಗಿದ. “ಇಷ್ಟೊಂದು ಮೀನು ಹಿಡಿಯೋ ಪುಸ್ತಕ ಯಾರ್ದೇ?”

“ನಿಂದೇ!”

ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೋಣೆಯಿಂದ ಕೋಣೆಗೆ ಹೋದಳು, ಖಾಲಿ ಕಪಾಟನ್ನೇ ಮೂರು ಸಲ ತೆರೆದಳು.

ಟೇಪು ಎಳೆಯುತ್ತಿದ್ದ, ಪ್ಯಾಕಿಂಗಿನವರಲ್ಲಿ ಹಿರಿಯಾಕೆ ಯೊಲಾಂಡಾ ಗದರಿದಳು: “ಹಿಂಗೆ ಕಾಲಿಗೆ ಅಡ್ಡ ಬರ್ತಿದ್ರೆ ನಿನ್ನೂ ಪೇಪರ್ ಸುತ್ತಿ ಕಟ್ಬಿಡ್ತೀನಿ ನೋಡಮ್ಮ.”

“ನೀವು ಪೆಟ್ಗೆ ಮೇಲೆ ಒಳಗಿರೋದ್ನ ಬರೀತೀರೋ, ಕೋಣೆ ಹೆಸ್ರೋ?”

“ಕೋಣೇದು. ಎಲ್ಲಿ ಸಿಕ್ತೋ ಅಲ್ಲಿದು.”

ಲೊರೆಟ್ಟಾ ಗಕ್ಕನೆ ನಿಂತಳು. ಓದುವ ಕೋಣೆ ಕರ್ಟಿಸನದು. ಅವಳು ಒಂದು ದಿನವೂ ಅಲ್ಲಿ ಕೂತು ಓದಿರಲಿಲ್ಲ. ಒಲೆಗೂ ಫ್ರಿಜ್ಜಿಗೂ ನಡುವಿನ ಸ್ಟೂಲೇ ಅವಳ ಕಾಲೇಜು.

ಹದಿನಾಲ್ಕನೆಯ ಅಡುಗೆಮನೆ ಪೆಟ್ಟಿಗೆಯಲ್ಲಿ, ಕೇಕಿನ ತಟ್ಟೆಗಳ ನಡುವೆ, ಪುಸ್ತಕವನ್ನು ಗಾಜಿನ ಪಾತ್ರೆಯಂತೆ ಹಳೆಯ ಸುದ್ದಿಪತ್ರಿಕೆಯಲ್ಲಿ ಸುತ್ತಿಟ್ಟಿದ್ದರು. ಅಂತರ್ಯುದ್ಧದ ಪುಟದಲ್ಲಿ ಲೈಸೆನ್ಸ್.

ಪರೀಕ್ಷೆಯುದ್ದಕ್ಕೂ ಅವಳ ಬೆರಳಲ್ಲಿ ಸುದ್ದಿಪತ್ರಿಕೆಯ ಮಸಿಯಿತ್ತು, ಮೇಜಿನ ಕೆಳಗೆ ಕಾಲು ಕುಣಿಯುತ್ತಿತ್ತು. ಮುಗಿದಾಗ ಪರದೆ ಕೇಳಿತು: ಅಂಕ ನೋಡುವಿರಾ, ನೋಡದೆಯೇ ರದ್ದು ಮಾಡುವಿರಾ? ಸೋತದ್ದು ಯಾರಿಗೂ ತಿಳಿಯದಂತೆ ಎದ್ದು ಹೋಗಬಹುದಿತ್ತು. ತನಗೂ ತಿಳಿಯುತ್ತಿರಲಿಲ್ಲ. ಅರ್ಧಕ್ಕೆ ಬಿಟ್ಟು ಹೊರಡುವುದು ಅವಳಿಗೆ ಹೊಸದೂ ಅಲ್ಲ.

‘ನೋಡುವೆ’ ಒತ್ತಿದಳು.

ಕಾರಿನ ಬಳಿ ಬಂದು ಫೋನು ಮಾಡಿದಳು.

“ಎಷ್ಟು?” ಎಂದ ಕರ್ಟಿಸ್.

“ಐವತ್ತೆರಡು.”

“ಬರೀ ಐವತ್ತೆರಡಾ?”

“ಐವತ್ತಕ್ಕೇ ಪಾಸು ಕಣೋ. ಮಿಕ್ಕಿದ್ದೆರಡು ನೀನಿಟ್ಕೋ,” ಎಂದಳು. ಅಷ್ಟರಲ್ಲೇ ಅಳು ಬಂದುಬಿಟ್ಟಿತು.