ಟೊಲೆಫ್ಸನ್ ಕೇಳಿದ ನಕಲು ಪ್ರತಿ

ಆರ್ವಿಡ್ ಟೊಲೆಫ್ಸನ್ನರ ಕಿವಿಗೆ 'ಸುಮಾರು' ಎಂಬ ಶಬ್ದ ಬಿದ್ದರೆ ಬೇರೆಯವರಿಗೆ ಬೈಗುಳ ಬಿದ್ದಷ್ಟು ನೋವಾಗುತ್ತಿತ್ತು. ಇದು ನನಗೆ ಮೊದಲ ಭೇಟಿಯಲ್ಲೇ ಗೊತ್ತಾಯಿತು. ಅದೂ ನನ್ನ ಮಾನದ ಖರ್ಚಿನಲ್ಲಿ. ನ್ಯಾಯಾಲಯದ ದಾಖಲೆ ಕೌಂಟರಿನ ಗಾಜಿಗೆ 'ಹತ್ತು ನಿಮಿಷದಲ್ಲಿ ಬರುತ್ತೇನೆ' ಎಂಬ ಹಲಗೆಯನ್ನು ತೂಗುಹಾಕಿ ಕಾಫಿಗೆ ಹೋಗಿದ್ದವನು ಮರಳಿ ಬಂದಾಗ, ಎಪ್ಪತ್ತು ದಾಟಿದ ನೀಳಕಾಯದ ಮುದುಕರೊಬ್ಬರು ತಮ್ಮ ಕೈಗಡಿಯಾರವನ್ನು ಆ ಹಲಗೆಯ ಪಕ್ಕಕ್ಕೆ ಹಿಡಿದು, ಎರಡನ್ನೂ ಒಟ್ಟಿಗೆ ಓದುತ್ತ ನಿಂತಿದ್ದರು.

"ಹದಿನೇಳು," ಅಂದರು.

"ಸುಮಾರು ಹತ್ತು ಅಂತ ಲೆಕ್ಕ, ಸರ್."

"ಸುಮಾರು ಅನ್ನೋದು ಲೆಕ್ಕ ಅಲ್ಲ ಹುಡುಗಾ. ಲೆಕ್ಕ ಬರದೇ ಇರೋನು ಕೇಳೋ ಕ್ಷಮೆ ಅದು."

ಹಲಗೆಯನ್ನು ಮೇಜಿನ ಖಾನೆಗೆ ಹಾಕಿದೆ. ಅಂದಿನಿಂದ 'ಈಗ ಬಂದೆ' ಎಂದು ಬರೆದ ಚೀಟಿಯನ್ನು ಅಂಟಿಸಿ ಹೋಗುತ್ತೇನೆ. ಅದನ್ನು ಅಳೆಯುವ ಗಡಿಯಾರ ಇನ್ನೂ ಹುಟ್ಟಿಲ್ಲ.

ಮೂವತ್ತೊಂದು ವರ್ಷ ಅವರು ನಮ್ಮ ಥರ್ಲೋ ಕೌಂಟಿಯ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರರಾಗಿದ್ದವರು. ಪೆಟ್ರೋಲ್ ಬಂಕಿನ ಪಂಪು, ಮಾಂಸದಂಗಡಿಯ ತಕ್ಕಡಿ, ಮೆಕ್ಕೆಜೋಳದ ಲಾರಿಗಳನ್ನು ತೂಗುವ ವೇ ಬ್ರಿಡ್ಜು, ಎಲ್ಲದರ ಮೇಲೂ ಅವರ ಬೆರಳಿನ ಗುರುತಿತ್ತು. ನಿವೃತ್ತಿಯ ದಿನ, ಕಂದುಬಣ್ಣದ ಕ್ಯಾನ್ವಾಸ್ ಕೋಟಿನ ಎದೆಯ ಮೇಲಿದ್ದ ಇಲಾಖೆಯ ಲಾಂಛನವನ್ನು ಹಿಂದಿರುಗಿಸಬೇಕೆಂಬ ನಿಯಮವನ್ನು ಇಲಾಖೆಯವರೇ ಮರೆತಿದ್ದಾಗ ಇವರೇ ಅದನ್ನು ನೆನಪಿಸಿ, ಬ್ಲೇಡಿನಿಂದ ಹೊಲಿಗೆ ಬಿಡಿಸಿ, ಲಾಂಛನವನ್ನು ಕೊಟ್ಟು ಕೋಟನ್ನು ಉಳಿಸಿಕೊಂಡರಂತೆ. ಲಾಂಛನವಿದ್ದೆಡೆಯಲ್ಲಿ ಬಿಸಿಲು ಕಾಣದ ಬಟ್ಟೆಯ ಕಡುಬಣ್ಣದ ಚೌಕವೊಂದು ಉಳಿದಿತ್ತು. ನಡಿಗೆಯೂ ಅವರ ಕಸುಬಿನದೇ: ಹಿಮ್ಮಡಿಯನ್ನೂರಿ, ಭಾರವೆಲ್ಲ ಸರಿಯಾಗಿ ಬಿತ್ತೆಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಇನ್ನೊಂದು ಕಾಲಿಗೆ ಅಪ್ಪಣೆ.

ಸುಗ್ಗಿಯ ನಟ್ಟನಡುವೆ ಸ್ವಂತ ತಂಗಿಯ ಗಂಡನ ವೇ ಬ್ರಿಡ್ಜಿಗೆ ಕೆಂಪು ಚೀಟಿ ಅಂಟಿಸಿ ಮೂರು ದಿನ ಮುಚ್ಚಿಸಿದ ಕಥೆಯನ್ನು ಇಂದಿಗೂ ಊರಲ್ಲಿ ಹೇಳುತ್ತಾರೆ. ಆಮೇಲೆ ಆರು ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ತಂಗಿಯ ಮನೆಯಿಂದ ಕರೆ ಬರಲಿಲ್ಲ. ಹೆದ್ದಾರಿಯ ಪಕ್ಕದ ಹೋಟೆಲಿನಲ್ಲಿ ಕೂತು ಟರ್ಕಿ ಕೋಳಿ ತಿಂದು ಬರುತ್ತಿದ್ದರು. ಬೇಜಾರಾಗಲಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ.

"ಆಯ್ತು. ಆದ್ರೆ ತಕ್ಕಡಿ ಸರಿಹೋಯ್ತು."

ನಾನೋ, ಹಲ್ಲಿನ ವಿಮೆ ಸಿಗುತ್ತದೆಂಬ ಒಂದೇ ಆಸೆಗೆ ನ್ಯಾಯಾಲಯದ ದಾಖಲೆ ವಿಭಾಗವನ್ನು ಸೇರಿಕೊಂಡ ಗುಮಾಸ್ತ. ನೂರಿಪ್ಪತ್ತು ವರ್ಷಗಳಲ್ಲಿ ಈ ಕೌಂಟಿಯಲ್ಲಿ ಮುರಿದ ದಾಂಪತ್ಯಗಳೆಲ್ಲ ನನ್ನ ಸುಪರ್ದಿನಲ್ಲಿವೆ. ನನ್ನದೇ ಎರಡು ವರ್ಷದ ಪ್ರೇಮ ಮುರಿದದ್ದಕ್ಕೆ ಮಾತ್ರ ಫೋನಿಗೆ ಬಂದ ನಾಲ್ಕು ಪದದ ಸಂದೇಶದ ಹೊರತು ಬೇರೆ ದಾಖಲೆಯಿಲ್ಲ. ಮೇಲಧಿಕಾರಿ ಗ್ಲೆಂಡಾ ಮೊದಲ ದಿನವೇ ಪಾಠ ಹೇಳಿದ್ದಳು: "ಕೇಳಿದವರಿಗೆ ಫಾರಂ ಕೊಡು, ಬುದ್ಧಿ ಕೊಡಬೇಡ. ಅದಕ್ಕೆ ವಕೀಲರಿದ್ದಾರೆ. ನಿನ್ನ ಹತ್ರ ಹೇಗೂ ಸ್ಟಾಕ್ ಇಲ್ಲ."

ಆ ಹದಿನೇಳು ನಿಮಿಷದ ದಿನ ಟೊಲೆಫ್ಸನ್ನರು ಬಂದದ್ದು ತಮ್ಮ ವಿಚ್ಛೇದನದ ತೀರ್ಪಿನ ದೃಢೀಕೃತ ನಕಲಿಗಾಗಿ. ಅಕ್ಟೋಬರಿನಲ್ಲಿ ಅವರಿಗೆ ಮದುವೆಯಿತ್ತು. ವಧು ಲವಾನ್, ಲೂಥರನ್ ಪಾದ್ರಿಯೊಬ್ಬರ ವಿಧವೆ, ಚರ್ಚಿನ ಅಡುಗೆಮನೆಯ ಯಜಮಾನಿ, ಊರಿನ ಅರ್ಧ ಸುದ್ದಿಗೆ ತವರುಮನೆ. ಮದುವೆಯಾಗದೆ ಒಂದೇ ಸೂರಿನಡಿ ಇರಲಾರೆ ಎಂಬುದು ಆಕೆಯ ಮಾತು; ಒಬ್ಬಳೇ ಇನ್ನೊಂದು ಚಳಿಗಾಲ ಕಳೆಯಲಾರೆ, ಇಲ್ಲದಿದ್ದರೆ ಮನೆ ಮಾರಿ ಅರಿಜೋನಾದ ಅಕ್ಕನ ಬಳಿ ಹೋಗುತ್ತೇನೆ ಎಂಬುದೂ ಆಕೆಯ ಮಾತೇ. ಟೊಲೆಫ್ಸನ್ನರ ಮೊದಲ ಹೆಂಡತಿ ಮಾರ್ಲಿಸ್ ಇದೇ ಊರಿನಲ್ಲಿದ್ದರು. ಇವರನ್ನು ಬಿಟ್ಟ ಎರಡು ವರ್ಷಕ್ಕೆ ಡ್ವೇನ್ ಪ್ರಿಬಿಲ್ ಎಂಬ ರೈತನನ್ನು ಮದುವೆಯಾಗಿ, ಅವನೊಡನೆ ಬಾಳಿ, ಕಳೆದ ಚಳಿಗಾಲದಲ್ಲಿ ಅವನನ್ನು ಮಣ್ಣು ಮಾಡಿದ್ದರು.

ಮದುವೆಯ ಪರವಾನಗಿಗೆ ನಕಲು ಬೇಕೆಂದು ಯಾರೂ ಕೇಳಿರಲಿಲ್ಲ.

"ಮಹಡಿ ಮೇಲಿನ ಪರವಾನಗಿ ಕಿಟಕಿಯ ಹುಡುಗಿ, ಡೈವೋರ್ಸಿನ ತಾರೀಕು ಹೇಳಿ ಸಾಕು ಅಂದಳು. ಬಾಯಲ್ಲಿ! ನಾನು ಪೋಪ್ ಅಂತ ಹೇಳಿದ್ರೂ ಬರ್ಕೊಳ್ತಾಳೆ. ನನಗೆ ಮೊಹರು ಇರೋ ಕಾಗದ ಬೇಕು."

ಗುರುತಿಗಿರಲಿ ಎಂದು ತಗಡಿನ ಪೆಟ್ಟಿಗೆಯಲ್ಲಿ ಕಾಪಾಡಿದ್ದ ತಮ್ಮ ಪ್ರತಿಯನ್ನೂ ತಂದಿದ್ದರು. 1987ರ ಅರ್ಜಿ, ಇಬ್ಬರ ಸಹಿ, ಮೂಲೆಯಲ್ಲಿ 'ದಾಖಲಿಸಲಾಗಿದೆ' ಎಂಬ ನೀಲಿ ಮೊಹರು. ಅದು ಅರ್ಜಿ ತಲುಪಿದ ಗುರುತಷ್ಟೇ, ತೀರ್ಪಲ್ಲ. ನಮ್ಮ ಕೌಂಟಿಯಲ್ಲಿ ಇದು ಹೊಸತಲ್ಲ: ಅರ್ಜಿಯ ಮೇಲೆ ಬಿದ್ದ ನೀಲಿ ಮೊಹರನ್ನೇ ಬಿಡುಗಡೆಯೆಂದು ತಿಳಿದು, ಮಡಚಿ, ಬೈಬಲಿನ ನಡುವೆ ಇಟ್ಟುಕೊಂಡವರು ಎಷ್ಟೋ ಮಂದಿ. ಆದರೆ ಇಂಥ ತಪ್ಪನ್ನು ಟೊಲೆಫ್ಸನ್ನರು ಮಾಡುವುದೆಂದರೆ!

1994ಕ್ಕಿಂತ ಹಿಂದಿನದು ಕಂಪ್ಯೂಟರಿನಲ್ಲಿಲ್ಲ. ನೆಲಮಾಳಿಗೆಗೆ ಇಳಿದು, ಎತ್ತಿದರೆ ಸೊಂಟ ಹಿಡಿಯುವ ಹಳೆಯ ಪುಸ್ತಕಗಳಲ್ಲಿ ಒಂದೂವರೆ ಗಂಟೆ ಹುಡುಕಿ, ಕೊನೆಗೂ ಆ ಸಾಲನ್ನು ಕಂಡುಹಿಡಿದಾಗ ನನಗಾದ ಹಿಗ್ಗನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ತಲೆಯ ಮೇಲಿನ ಜೇಡರಬಲೆಯನ್ನೂ ಕೊಡವದೆ ಓಡಿಬಂದು, ಪದಕ ಗೆದ್ದವನಂತೆ ಹೇಳಿದೆ:

"ಸಿಕ್ತು ಸರ್! ನಿಮಗೆ ಡೈವೋರ್ಸೇ ಆಗಿಲ್ಲ. ನಿಮ್ಮ ವಕೀಲರು ಕಾಯಿಲೆ ಬಿದ್ದು ಆಫೀಸು ಮುಚ್ಚಿದ್ರು, ಕೊನೇ ತೀರ್ಪಿಗೆ ಕಾಗದ ಹಾಕೋರು ಯಾರೂ ಇರಲಿಲ್ಲ. ಒಂದು ವರ್ಷ ನೋಡಿ, 'ಮುಂದುವರಿಸದ ಕಾರಣ ವಜಾ' ಅಂತ ಬರೆದಿದ್ದಾರೆ."

"ನಾನು ಪರೀಕ್ಷೆ ಮಾಡದೇ ಬಿಟ್ಟ ತಕ್ಕಡಿ ಇದೊಂದೇ," ಅಂದರು ಟೊಲೆಫ್ಸನ್ನರು.

"ಚಿಂತೆ ಯಾಕೆ ಸರ್? ಹೊಸದಾಗಿ ಅರ್ಜಿ ಹಾಕಿ. ಮಾರ್ಲಿಸ್ ಅವರೂ ಸಹಿ ಮಾಡಿದ್ರೆ ಅರವತ್ತು ದಿನ. ಅಕ್ಟೋಬರಿಗೆ ಆರಾಮಾಗಿ ಆಗುತ್ತೆ." ಗ್ಲೆಂಡಾ ಹಿಂದಿನಿಂದ ಕೆಮ್ಮಿದಳು. ನಾನು ಬುದ್ಧಿ ಕೊಡುತ್ತಿದ್ದೆ.

ಫಾರಂ ತೆಗೆದುಕೊಂಡು ಅಲ್ಲೇ ಎತ್ತರದ ಮೇಜಿನ ಬಳಿ ನಿಂತು ತುಂಬತೊಡಗಿದರು. ಅಚ್ಚೊತ್ತಿದಂಥ ಅಕ್ಷರ. ಮದುವೆಯಾದ ದಿನ, ಊರು, ಬೇರೆಯಾದ ದಿನ. 'ಎದುರುದಾರರ ಈಗಿನ ಹೆಸರು' ಎಂಬ ಗೆರೆಗೆ ಬಂದು 'ಮಾರ್ಲಿಸ್' ಎಂದು ಬರೆದ ಪೆನ್ನು ಅಲ್ಲಿಯೇ ನಿಂತಿತು.

"ಇದನ್ನ ಯಾರು ಬೇಕಾದ್ರೂ ನೋಡಬಹುದಾ?"

"ಯಾರು ಬೇಕಾದ್ರೂ! ಹತ್ತು ಡಾಲರ್ ಕೊಟ್ರೆ ನಕಲೂ ಸಿಗುತ್ತೆ. ಯಾಕೆ ಅಂತ ನಾವು ಕೇಳೋ ಹಾಗೂ ಇಲ್ಲ. ಗುರುವಾರದ ಪೇಪರಲ್ಲಿ, ಯಾರು ಯಾರ ಮೇಲೆ ಅರ್ಜಿ ಹಾಕಿದ್ರು ಅಂತ ಪಟ್ಟಿನೂ ಬರುತ್ತಲ್ಲ ಸರ್."

ಅವರು ತಲೆಯೆತ್ತಿ ಕಿಟಕಿಯ ಬಳಿಯ ಬೆಂಚನ್ನು ನೋಡಿದರು. ಅಲ್ಲಿ ಪ್ರಿಬಿಲ್ಲನ ಮೊದಲ ಹೆಂಡತಿಯ ಮಕ್ಕಳಿಬ್ಬರ ವಕೀಲರ ಸಹಾಯಕಿ ಕೂತು, ಆಸ್ತಿಯ ಪುಸ್ತಕದ ಹಾಳೆಗಳನ್ನು ಬೆರಳಿಗೆ ಉಗುಳು ಹಚ್ಚಿ ತಿರುವುತ್ತಿದ್ದಳು. ಅಪ್ಪನ ಮನೆ, ನೂರರವತ್ತು ಎಕರೆ ಹೊಲ ಮಲತಾಯಿಗೆ ಹೋಗಬಾರದೆಂದು ಆ ಮಕ್ಕಳು ಹೂಡಿದ್ದ ವ್ಯಾಜ್ಯ ಇಡೀ ಕೌಂಟಿಗೇ ಗೊತ್ತಿತ್ತು. ವಾರಕ್ಕೆರಡು ಸಲ ಆಕೆ ಬಂದು ಯಾವುದಾದರೂ ಬಿರುಕು ಸಿಕ್ಕೀತೇ ಎಂದು ಹುಡುಕುತ್ತಿದ್ದಳು. ಊರಿಗೆಲ್ಲ ನೆನಪಿರುವ ವಿಚ್ಛೇದನವೊಂದನ್ನು ಮಾತ್ರ ಹುಡುಕಬೇಕೆಂದು ಯಾರಿಗೂ ತೋಚಿರಲಿಲ್ಲ. ಟೊಲೆಫ್ಸನ್ನರು ಬಿಡುಗಡೆ ಹೊಂದಿಲ್ಲವೆಂದರೆ ಕಾನೂನಿನ ಕಣ್ಣಲ್ಲಿ ಮಾರ್ಲಿಸ್ ಪ್ರಿಬಿಲ್ಲನ ಹೆಂಡತಿಯೇ ಆಗಿರಲಿಲ್ಲ; ಮನೆ, ಹೊಲದ ಮೇಲೆ ಹೆಂಡತಿಯ ಹಕ್ಕೂ ಇರಲಿಲ್ಲ. ನನ್ನ ಪದಕದ ಹಿಂಬದಿಯಲ್ಲಿ ಏನು ಬರೆದಿತ್ತೆಂದು ನನಗೆ ಆಗ ಹೊಳೆಯಿತು.

ಅವರು ಪೆನ್ನಿಗೆ ಮುಚ್ಚಳ ಹಾಕಿ, ಫಾರಮ್ಮನ್ನು ನಾಲ್ಕಾಗಿ ಮಡಚಿ ಕೋಟಿನೊಳಗಿಟ್ಟು, ಹಿಮ್ಮಡಿಯೂರುತ್ತ ಹೊರಟುಹೋದರು.

ಮುಂದಿನ ವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ನ್ಯಾಯಾಲಯದ ಹುಲ್ಲುಹಾಸಿನ ಮೇಲೆ ಟೊಲೆಫ್ಸನ್ನರು ನನ್ನ ಬೆಂಚಿಗೇ ಬಂದು ಕೂತರು.

"ಆ ಹಳೇ ಪುಸ್ತಕ ಯಾರಾದ್ರೂ ಕೇಳಿದ್ರೆ ಕೊಡಲೇಬೇಕಾ?"

"ಕೊಡಲೇಬೇಕು ಸರ್." ಆಮೇಲೆ, ಜೀವನದಲ್ಲಿ ಒಂದೇ ಒಂದು ಸಲ ಶೂರನಾಗುವ ಹುಮ್ಮಸ್ಸಿನಲ್ಲಿ, "ಬೇಕಾದ್ರೆ ಅದನ್ನ ಬೇರೆ ಕಪಾಟಿನಲ್ಲಿ..." ಎಂದೆ.

"ಮುಟ್ಟಬೇಡ," ಎಂದು ಗದರಿದರು. "ಎಲ್ಲಿತ್ತೋ ಅಲ್ಲೇ ಇಡು. ಕೇಳಿದ್ರೆ ಕೊಡು. ನನ್ನನ್ನ ಪ್ರಮಾಣ ಮಾಡಿಸಿ ಕೇಳಿದ್ರೆ ನಾನೂ ಹೇಳ್ತೀನಿ. ನಾನಾಗಿ ಹೋಗಿ ಅರ್ಜಿ ಹಾಕಲ್ಲ, ಅಷ್ಟೆ."

"ಮಾರ್ಲಿಸ್ ಅವರಿಗೆ ಒಂದು ಮಾತು ಹೇಳಬಹುದಲ್ಲ?"

"ಹೇಳಿದ್ರೆ ಕೋರ್ಟಲ್ಲಿ ಅವಳು ಸುಳ್ಳು ಹೇಳಬೇಕು, ಇಲ್ಲಾ ಮನೆ ಕಳ್ಕೋಬೇಕು. ಗೊತ್ತಿಲ್ಲದಿದ್ರೆ ಎರಡೂ ಬೇಡ."

"ಲವಾನ್ ಅವರಿಗೆ?"

ಅವರು ನನ್ನ ಡಬ್ಬಿಯಲ್ಲಿದ್ದ ಸ್ಯಾಂಡ್‌ವಿಚ್ಚಿನತ್ತ ಕಣ್ಣು ತಿರುಗಿಸಿದರು. "ಲವಾನ್ ಒಳ್ಳೆಯವಳು. ಆದ್ರೆ ಅವಳಿಗೆ ಸೋಮವಾರ ಹೇಳಿದ್ದು ಭಾನುವಾರದ ಚರ್ಚಿಗೆ ಮುಂಚೆ ಎಲ್ಲರ ಮನೆ ಸೇರಿರುತ್ತೆ. ಮದುವೆಗೆ ಇನ್ನಷ್ಟು ದಿನ ಕಾಯು ಅಂದ್ರೆ ಯಾಕೆ ಅಂತ ಕೇಳ್ತಾಳೆ. ಯಾಕೆ ಅಂತ ಸುಳ್ಳು ಹೇಳೋಕೆ ನನಗೆ ಬರಲ್ಲ ಹುಡುಗಾ. ಆಗಲ್ಲ ಅಂತ ಹೇಳೋದು ಬರುತ್ತೆ. ಅದು ನಿಜ."

"ಆದ್ರೆ ಸರ್, ಕಾಗದದ ಪ್ರಕಾರ..."

"ಅವಳೂ ಡ್ವೇನೂ ಮೂವತ್ತು ವರ್ಷ ಒಂದೇ ಮನೇಲಿ ಸಂಸಾರ ಮಾಡಿದ್ರು. ಅವನ ಕೊನೇ ಆರು ತಿಂಗಳು ಅವಳೇ ಎತ್ತಿ ಮಲಗಿಸಿದ್ದು. ಅದು ತೂಕ. ಪುಸ್ತಕದಲ್ಲಿರೋದು ಬರೀ ಸೀಲು. ಸೀಲು ಬಿದ್ದುಹೋದ ತಕ್ಕಡಿ ಸರಿಯಾಗಿ ತೂಗೋದನ್ನ ನಾನು ಬೇಕಾದಷ್ಟು ನೋಡಿದೀನಿ."

ಹತ್ತು ದಿನದ ಮೇಲೆ ಲವಾನ್ ನನ್ನ ಕೌಂಟರಿಗೆ ಬಂದರು. ಚರ್ಚಿಗೆ ಹೋಗುವಾಗಿನ ಟೊಪ್ಪಿ, ತುಟಿಗೆ ಬಣ್ಣ. ಅಳಬಾರದೆಂದು ಸಿಂಗರಿಸಿಕೊಂಡು ಬಂದವರಂತೆ ಕಾಣುತ್ತಿದ್ದರು.

"ಆರ್ವಿಡ್ ಇಲ್ಲಿ ಬಂದು ಏನೋ ಕಾಗದ ಕೇಳಿದ್ನಂತೆ. ಆವತ್ತಿಂದ ಅವನು ಅವನಲ್ಲ. ಮಾಂಸದ ಪೊಟ್ಟಣ ಒಂದು ಬೆರಳಿನ ತೂಕ ಕಮ್ಮಿ ಇದ್ರೆ ಅಂಗಡಿಯವನಿಗೆ ಚೀಟಿ ಕೊಡ್ತಿದ್ದ ಮನುಷ್ಯ, ನನಗೆ ಒಂದು ಕಾರಣಾನೂ ಕೊಡಲಿಲ್ಲ ಕಣಪ್ಪ. 'ನನ್ನಿಂದ ಆಗಲ್ಲ ಲವಾನ್', ಅಷ್ಟೆ. ಕಾಗದ ಸಿಗಲಿಲ್ವಾ? ಸಿಕ್ಕಿದ ಮೇಲೆ ಮನಸ್ಸು ಬದಲಾಯ್ತಾ?"

ಕಾನೂನಿನಂತೆ ಆಕೆ ಒಂದು ಫಾರಂ ತುಂಬಿದ್ದರೆ ನಾನು ನೆಲಮಾಳಿಗೆಗೆ ಇಳಿಯಲೇಬೇಕಿತ್ತು. ಫಾರಮ್ಮುಗಳ ಕಟ್ಟು ಆಕೆಯ ಮೊಣಕೈಯ ಪಕ್ಕದಲ್ಲೇ ಇತ್ತು. ನಾನು ಅದನ್ನು ಅತ್ತ ಸರಿಸಲೂ ಇಲ್ಲ, ಇತ್ತ ತಳ್ಳಲೂ ಇಲ್ಲ.

"ಅದನ್ನ ಅವರನ್ನೇ ಕೇಳಬೇಕು ಮೇಡಂ."

ಆಕೆ ನನ್ನ ಮುಖವನ್ನು ಓದಿದರು. ನನ್ನ ಮುಖದಲ್ಲಿ ಓದಲು ಸಿಗುವುದು ಸದಾ ತಪ್ಪೇ. "ಅಂದ್ರೆ ಸಿಕ್ಕಿದೆ," ಎಂದರು ಮೆಲ್ಲಗೆ. "ಸಿಕ್ಕಿದ ಮೇಲೇ ಬೇಡ ಅನ್ನಿಸಿದೆ." ಕೈಚೀಲವನ್ನು ಎದೆಗವಚಿಕೊಂಡು ಹೊರಟವರು ಬಾಗಿಲಲ್ಲಿ ತಿರುಗಿ, "ಅವನಿಗೆ ಚಳಿಗೆ ಕೆಮ್ಮು ಬರುತ್ತೆ. ನೋಡೋರು ಯಾರೂ ಇಲ್ಲ," ಎಂದರು. ತಿಂಗಳೊಪ್ಪತ್ತಿನಲ್ಲಿ ಆಕೆಯ ಮನೆ ಮಾರಾಟವಾಯಿತು. ಅಕ್ಟೋಬರಿನಲ್ಲಿ ಆಕೆ ಅರಿಜೋನಾದಲ್ಲಿದ್ದರು.

ಟೊಲೆಫ್ಸನ್ನರಿಗೆ ಇದನ್ನು ನಾನೇ ಹೇಳಿದೆ. "ಕೆಮ್ಮಿನ ಮಾತು ಹೇಳಿದಳಾ?" ಎಂದು ಎರಡು ಸಲ ಕೇಳಿದರು.

ವ್ಯಾಜ್ಯ ಮರುವರ್ಷದ ವಸಂತದಲ್ಲಿ ರಾಜಿಯಲ್ಲಿ ಮುಗಿದು, ಮನೆಯೂ ಅರ್ಧ ಹೊಲವೂ ಮಾರ್ಲಿಸ್‌ಗೆ ಉಳಿದವು. ಆದೇಶದ ನಕಲು ತೆಗೆದುಕೊಳ್ಳಲು ಬಂದಾಗ ಆಕೆ ಬಹಳ ಗೆಲುವಾಗಿದ್ದರು. ಗ್ಲೆಂಡಾಳಿಗೆಂದು ತಟ್ಟೆ ತುಂಬ ಏಪ್ರಿಕಾಟ್ ಹೂರಣದ ಕೊಲಾಚೆ ಎಂಬ ಸಿಹಿಬನ್ನುಗಳನ್ನು ತಂದಿದ್ದರು. ಹೊರಗೆ ಹುಲ್ಲುಹಾಸಿನ ಮೇಲೆ ಟೊಲೆಫ್ಸನ್ನರು ಹಾದುಹೋಗುತ್ತಿದ್ದುದು ಕಿಟಕಿಯಲ್ಲಿ ಕಂಡಿತು.

"ನೋಡು ಗ್ಲೆಂಡಾ, ಅದೇ ನಡಿಗೆ! ಲವಾನ್ ಪುಣ್ಯವಂತೆ, ಸಮಯಕ್ಕೆ ತಪ್ಪಿಸಿಕೊಂಡಳು. ಎಂಟು ವರ್ಷ ಸಂಸಾರ ಮಾಡಿದವಳು ಹೇಳ್ತೀನಿ ಕೇಳು, ಆ ಮನುಷ್ಯನಿಗೆ ಎದೆಯೊಳಗೆ ಇರೋದು ತೂಕದ ಬಟ್ಟು. ಯಾರಿಗೂ ಏನನ್ನೂ ಒಂದು ಗುಲಗಂಜಿ ಹೆಚ್ಚಿಗೆ ಕೊಟ್ಟವನಲ್ಲ."

ಗ್ಲೆಂಡಾ ಗೊಳ್ಳನೆ ನಕ್ಕಳು. ನಾನು ಆದೇಶದ ಮೇಲೆ ಮೊಹರನ್ನು ಬೇಕಾದುದಕ್ಕಿಂತ ಜೋರಾಗಿ ಒತ್ತಿದೆ.

ಕಟ್ಟುನಿಟ್ಟಿನ ಮನುಷ್ಯರನ್ನು ನಾವು ಒಣಮರಗಳೆಂದು ಎಣಿಸಿ, ಅವರ ಒಡನಾಟದಿಂದ ಮೆಲ್ಲನೆ ಜಾರಿಕೊಳ್ಳುತ್ತೇವೆ. ಅಳೆದು ಕೊಡುವವರಿಗೆ ಕೊಡುವುದೇ ಬಾರದೆಂಬುದು ನಮ್ಮಂಥ ಸಡಿಲರ ಸಮಾಧಾನ. ಆದರೆ ಸಡಿಲರಾದ ನಾವು ಯಾರಿಗಾದರೂ ಒಂದು ಉಪಕಾರ ಮಾಡಿದರೆ, ಅದನ್ನು ಅವರ ಕಿವಿಗೆ ಮುಟ್ಟಿಸದೆ ಸಂಜೆಯವರೆಗೂ ತಾಳಲಾರೆವು; ಇಂಥವರು ಮಾತ್ರ ಉಪಕಾರವನ್ನೂ ನಿಷ್ಠುರವಾಗಿಯೇ ಮಾಡುತ್ತಾರೆ, ತಿಳಿದರೆ ಉಪಕಾರ ಪಡೆದವರೂ ಅದರ ಭಾರದ ಒಂದು ಪಾಲನ್ನು ಹೊರಬೇಕಾದೀತೆಂದು ಅದನ್ನು ಅವರಿಗೂ ತಿಳಿಯಗೊಡದೆ. ಹೀಗಾಗಿ ಲೋಕದಲ್ಲಿ ಇವರಿಗೆ ಉಳಿಯುವುದು ನಿರ್ದಯರೆಂಬ ಹೆಸರು ಮತ್ತು ಒಂಟಿ ಮನೆ. ಇವರ ದಯೆಯ ನೆರಳಿನಲ್ಲಿ ಬೆಚ್ಚಗಿರುವವರು ಕಿಟಕಿಯಿಂದ ಇವರನ್ನು ನೋಡಿ ನಗುತ್ತಿರುತ್ತಾರೆ, ಮತ್ತು ಆ ನಗುವನ್ನು ಇವರು ಎಂದೂ ತಿದ್ದುವುದಿಲ್ಲ.