ಅಜ್ಜಿಗೆ ಒಪ್ಪುವ ಪ್ರೊಸೆಸರ್

ಮತ್ತೆ ನಗುತ್ತಿದ್ದಾಳೆ ತಂಗಿ, ಎದುರಿನ ಮೇಜಿನಲ್ಲಿ, ತಲೆ ಹಿಂದಕ್ಕೆ ಚೆಲ್ಲಿ, ಗದ್ದದ ಕೆಳಗಿನ ಆ ಬಿಳಿ ಗೆರೆ ಕಾಣುವ ಹಾಗೆ — ಸರ್ವರಿನ ಫ್ಯಾನ್ ಬದಲಿಸಲು ಬಂದ ಮೆಕ್ಯಾನಿಕ್ಕನಿಗೂ ಇವಳ ಜೊತೆಯೇ ಮಾತು ಬೇಕು, ಬಂದು ಆರು ತಿಂಗಳಾಗದವಳ ಜೊತೆ, ಹನ್ನೊಂದು ವರ್ಷದಿಂದ ಈ ಆಸ್ಪತ್ರೆಯ ಕಂಪ್ಯೂಟರ್ ಕೋಣೆ ಕಾಯುತ್ತಿರುವ ಅಕ್ಕನನ್ನು ಅವನು ಕೇಳಿದ್ದು ಮೇಡಂ ಕುಡಿಯೋ ನೀರು ಎಲ್ಲಿದೆ ಎಂದಷ್ಟೇ. ಈ ಕೆಲಸ ಕೊಡಿಸಿದ್ದಾದರೂ ಯಾರು? ನನ್ನ ತಂಗಿ ಸರ್, ತುಂಬಾ ಚೂಟಿ, ಎಂದು ದೊಡ್ಡ ಡಾಕ್ಟರ ಮುಂದೆ ಹಲ್ಲು ಕಿರಿದದ್ದು ಇದೇ ಬಾಯಿ, ಇದಕ್ಕೆ ಹೊಲಿಗೆ ಹಾಕಬೇಕಿತ್ತು. ಹೊಲಿಗೆ — ಬೇಡ, ಆ ಮಾತು ಬೇಡ, ಕೋಣೆಯಲ್ಲಿ ಎರಡೇ ಸರ್ವರು, ಹಳೆಯದಕ್ಕೆ ಅಜ್ಜಿ ಎಂದು ಹೆಸರಿಟ್ಟವಳು ಅಕ್ಕ, ಹೊಸದಕ್ಕೂ ಒಂದು ಹೆಸರು ಯೋಚಿಸಿಟ್ಟಿದ್ದಳು, ಅಷ್ಟರಲ್ಲಿ ತಂಗಿ ಬಂದು, ಎಸಿ ಎದುರಿಗೇ ಜಾಗ ಹಿಡಿದು ಕೂತಿದ್ದಾನಲ್ಲಕ್ಕಾ, ಅಳಿಯನೇ ಇರ್ಬೇಕು, ಎಂದಳು, ಎಲ್ಲರೂ ನಕ್ಕರು, ಅಳಿಯನೇ ಖಾಯಂ ಆದ.

ಅಜ್ಜಿ ಮತ್ತು ಅಳಿಯನ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಒಂಬತ್ತು ಕಂಪ್ಯೂಟರುಗಳು, ವರ್ಚುವಲ್ ಮಷೀನುಗಳು, ಔಷಧಿಯದೊಂದು, ರೋಗಿಗಳ ಚೀಟಿಯದೊಂದು, ಎಕ್ಸ್‌ರೇ ಚಿತ್ರಗಳದೊಂದು, ಪ್ರತಿಯೊಂದನ್ನು ಹುಟ್ಟಿಸುವಾಗಲೂ ನಿನ್ನ ಪ್ರೊಸೆಸರ್ ಇಂಥ ಬಗೆಯದು ಎಂದು ಪಟ್ಟಿಯಿಂದ ಆರಿಸಿ ಹೇಳಬೇಕು, ಅಕ್ಕ ಯಾವತ್ತೂ ಆರಿಸಿದ್ದು ಅಜ್ಜಿಗೆ ಒಪ್ಪುವ ಸಾದಾ ಬಗೆ — ಅಳಿಯನ ಮನೆಯಲ್ಲಿದ್ದರೂ ಅಜ್ಜಿಗೆ ಬರುವಷ್ಟನ್ನೇ ಮಾಡು, ಹೆಚ್ಚಿನ ವಿದ್ಯೆ ಮುಟ್ಟಬೇಡ, ಆಗ ಒಂದು ಸರ್ವರ್ ರಿಪೇರಿಗೆ ಬಂದರೆ ಓಡುತ್ತಿರುವ ಹಾಗೇ ಇನ್ನೊಂದಕ್ಕೆ ದಾಟಿಸಬಹುದು, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಗೊತ್ತೇ ಆಗದ್ದಕ್ಕೆ ಶಾಭಾಸ್ ಎನ್ನುವವರು ಯಾರು? ತಂಗಿ ಬಂದಳು, ಅಯ್ಯೋ ಅಕ್ಕಾ, ಪಾಪ ಇದರ ಕೈಕಾಲು ಕಟ್ಟಿಹಾಕಿದ್ದೀಯಲ್ಲ, ಎಂದು ಎಕ್ಸ್‌ರೇ ಚಿತ್ರಗಳ ವರ್ಚುವಲ್ ಮಷೀನಿಗೆ ಅಳಿಯನ ಪ್ರೊಸೆಸರನ್ನು ಇದ್ದದ್ದು ಇದ್ದ ಹಾಗೇ ಕೊಟ್ಟಳು, ಅರ್ಧ ನಿಮಿಷ ತಿಣುಕುತ್ತಿದ್ದ ಚಿತ್ರಗಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಂದವು, ದೊಡ್ಡ ಡಾಕ್ಟರು ಮೆಟ್ಟಿಲಿಳಿದು ಈ ಕೋಣೆಗೇ ಬಂದರು, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಏನಮ್ಮಾ ಮ್ಯಾಜಿಕ್ ಮಾಡಿದ್ದೀಯ ಎಂದರು, ತಂಗಿಗೆ, ಅಕ್ಕ ಎದ್ದು ನಿಂತು ಅವರಿಗೆ ಕುರ್ಚಿ ಸರಿಸಿದಳು. ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತಿದೆ, ತಂಗಿಯ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ತಾನು, ಹೌದು, ಏನೀಗ? ನಿಧಾನ ನಡಿಯೇ, ಅವಳ ಕಾಲು ಚಿಕ್ಕದು, ಎನ್ನುತ್ತಿದ್ದಳು ಅಮ್ಮ, ಶಾಲೆಯ ದಾರಿಯುದ್ದಕ್ಕೂ ಆ ಪುಟ್ಟ ಕಾಲಿಗೆ ತಕ್ಕ ಹೆಜ್ಜೆ ಹಾಕಿ ಹಾಕಿ ತನಗೆ ಓಡುವುದೇ ಮರೆತುಹೋಯಿತು, ಆ ಪುಟ್ಟ ಕಾಲು ನೋಡಿದರೆ ಈಗ — ಅವತ್ತು ತಂಗಿಗೆ ಹಾಡಿನಲ್ಲಿ ಬಹುಮಾನ ಬಂದಿತ್ತು, ದಾರಿಯಲ್ಲೂ ಹಾಡುತ್ತಿದ್ದಳು, ರಸ್ತೆ ದಾಟುವಾಗ ಅಕ್ಕ ಕೈ ಬಿಟ್ಟಳು, ಜಾರಿದ್ದಲ್ಲ, ಬಿಟ್ಟದ್ದು, ಕಲ್ಲಿನ ಅಂಚು, ಲಂಗದ ತುಂಬ ರಕ್ತ, ಗದ್ದಕ್ಕೆ ಮೂರು ಹೊಲಿಗೆ. ಹೇಗಾಯ್ತೇ ಎಂದು ಅಮ್ಮ ಕೇಳಿದರೆ ಆರು ವರ್ಷದ ಆ ಪುಟಾಣಿ, ನಾನೇ ಬಿದ್ದೆ, ಅಕ್ಕ ಕೈ ಹಿಡ್ಕೊಂಡೇ ಇದ್ಲು, ಎಂದಿತು.

ಅಕ್ಕಾ. ಅಕ್ಕಾ, ಎಲ್ಲಿದ್ದೀಯ, ಫ್ಯಾನ್ ಹಾಕೋಕೆ ಅಳಿಯನ್ನ ಆಫ್ ಮಾಡ್ಬೇಕಂತೆ, ಅವನಲ್ಲಿದ್ದ ಬೇರೆ ಮಷೀನೆಲ್ಲ ಅಜ್ಜಿಗೆ ದಾಟಿಸಾಯ್ತು, ಬೆಣ್ಣೆಯ ಹಾಗೆ ಹೋದ್ವು, ಎಕ್ಸ್‌ರೇದು ಒಂದೇ ಬಾಕಿ, ಒತ್ಲಾ? ಎಂದಳು ತಂಗಿ, ಅದು ಹೋಗುವುದಿಲ್ಲ, ಅಳಿಯನಿಂದ ಕಲಿತ ವಿದ್ಯೆ ಅಜ್ಜಿಗೆ ಬರುವುದಿಲ್ಲ, ಅಲ್ಲಿ ಕಾಲಿಟ್ಟ ಕ್ಷಣ ಕೈಕಾಲು ಬಿಟ್ಟು ಕೂರುತ್ತದೆ, ಈ ಹುಡುಗಿಗೆ ಅದು ಗೊತ್ತಿಲ್ಲ, ಹಿಂದಿನ ಕೆಲಸದಲ್ಲಿ ಎಲ್ಲ ಸರ್ವರುಗಳೂ ಒಂದೇ ವಯಸ್ಸಿನವು, ಗೊತ್ತಾಗುವುದಾದರೂ ಹೇಗೆ — ತಡಿ, ಅದನ್ನ ನಿಲ್ಲಿಸಿ ದಾಟಿಸು, ಇಷ್ಟೇ ಮಾತು, ಡಾಕ್ಟರುಗಳಿಗೆ ಮೊದಲೇ ತಿಳಿಸಿದರೆ ಐದು ನಿಮಿಷದ ಕೆಲಸ, ನಾಲಿಗೆಯ ತುದಿಯಲ್ಲೇ ಇದೆ, ಹೊರಗೆ ಎಕ್ಸ್‌ರೇ ಬಾಗಿಲಲ್ಲಿ ಕೈ ಮುರಿದವರು, ಕೆಮ್ಮುವವರು, ಮಗು ಎತ್ತಿಕೊಂಡವರು, ಹೇಳು, ಹೇಳೇ — ಏನಮ್ಮಾ ಮ್ಯಾಜಿಕ್ ಮಾಡಿದ್ದೀಯ. ಹೂಂ, ಎಂದಳು ಅಕ್ಕ.

ಪರದೆಯ ಮೇಲಿನ ಗೆರೆ ತೊಂಬತ್ತಕ್ಕೆ ಬಂತು, ನೂರಕ್ಕೆ ಬಂತು, ಎಕ್ಸ್‌ರೇ ಮಷೀನು ಅಜ್ಜಿಯ ಮನೆ ಹೊಕ್ಕಿತು, ಹೊಕ್ಕಲ್ಲೇ ನಿಂತಿತು, ಫೋನು ಹೊಡೆದುಕೊಳ್ಳತೊಡಗಿತು. ಈಗ ಬೈಸಿಕೊಳ್ಳಲಿ, ಒಂದು ಸಲ, ಒಂದೇ ಸಲ — ತಂಗಿ ಫೋನೆತ್ತುವ ಮೊದಲು ಅಕ್ಕನ ಮುಖ ನೋಡಿದಳು, ತುಸು ಹೊತ್ತು, ಏನನ್ನೋ ಓದಿದವಳ ಹಾಗೆ. ಸರ್, ನನ್ನದೇ ತಪ್ಪು ಸರ್, ಅಕ್ಕನ್ನ ಕೇಳದೇ ಒತ್ಬಿಟ್ಟೆ, ಇಲ್ಲ ಸರ್, ಅಕ್ಕಂಗೆ ಏನೂ ಗೊತ್ತಿಲ್ಲ. ಕೇಳಿದ್ದಳಲ್ಲ, ಹೂಂ ಎಂದದ್ದು ತಾನೇ ಅಲ್ಲವೇ, ಇದರಲ್ಲೂ ಮುಂದೆ ಹೋದಳಲ್ಲ, ಇದನ್ನೂ ತನಗೆ ಬಿಡಲಿಲ್ಲವಲ್ಲ, ಎದ್ದು ಫೋನು ಕಿತ್ತುಕೊಂಡು ಹೇಳಬೇಕು, ಸರ್, ನಾನೇ, ಗೊತ್ತಿದ್ದೂ — ತಂಗಿ ಫೋನಿಟ್ಟಳು, ಕಣ್ಣೀರು ಕೆಳಗಿಳಿಯದಂತೆ ಮುಖವನ್ನು ಟ್ಯೂಬ್‌ಲೈಟಿನ ಕಡೆಗೆ ಎತ್ತಿದಳು, ಗದ್ದದ ಕೆಳಗೆ ಆ ಗೆರೆ, ಬಿಳಿ, ಮೂರು ಹೊಲಿಗೆ, ಆ ಗೆರೆ.